ರಿಮ್ಮು ಅಗಲ, ಟೈರು ಕಿರಿದು, ಜೀವ ಯಾರದ್ದು?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಂಜೆ ಗುಬ್ಬಿ ಬಸ್ಸಿಗೆ ಕಾಯುತ್ತ ನಿಂತವರ ಕಣ್ಣಿಗೆ ಆಗೊಂದು ಈಗೊಂದು ವಿಚಿತ್ರ ಕಾರು ಬೀಳುತ್ತದೆ. ಹೊಟ್ಟೆ ನೆಲಕ್ಕೆ ತಾಗೀತೋ ಎಂಬಷ್ಟು ತಗ್ಗು. ಚಕ್ರ ಮಾತ್ರ ಬಾಡಿಯಿಂದ ಹೊರಕ್ಕೆ ಇಣುಕುವಷ್ಟು ಅಗಲ. ಆ ಅಗಲ ರಿಮ್ಮಿಗೆ ಹಾಕಿದ ಟೈರೋ, ಅಣ್ಣನ ಮೈಗೆ ತಮ್ಮನ ಅಂಗಿ ತೊಡಿಸಿದ ಹಾಗೆ! ಪಕ್ಕೆಯೆಲ್ಲ ಎಳೆದುಕೊಂಡು ಓರೆಯಾಗಿರುತ್ತದೆ. ಇದಕ್ಕೆ ‘ಸ್ಟ್ರೆಚ್’ ಅಂತ ಹೆಸರು.

ಕಾರಣ ಇಷ್ಟೇ. ಸ್ಪ್ರಿಂಗು ಕತ್ತರಿಸಿ ಕಾರನ್ನು ತಗ್ಗಿಸಿದರೆ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ರಿಮ್ಮೂ ಅಗಲ ಬೇಕು, ಉಜ್ಜಲೂ ಬಾರದು ಎಂದರೆ ಕಿರಿದಾದ ಟೈರು ತಂದು, ಅದರ ಭುಜ ಒಳಕ್ಕೆ ಬಾಗುವಂತೆ ಎಳೆದು ಕೂರಿಸಬೇಕು. ಜಪಾನು, ಜರ್ಮನಿಗಳ ಕಾರು ಹುಚ್ಚರು ಬೆಳೆಸಿದ ಶೋಕಿ ಇದು. ಜರ್ಮನಿಯಲ್ಲಿ ಇಂಥದ್ದು ಮಾಡಿದವನು ಸಾಮಾನ್ಯವಾಗಿ ಪರೀಕ್ಷಕರ ಮುಂದೆ ಕಾರು ನಿಲ್ಲಿಸಿ ಒಪ್ಪಿಗೆ ಚೀಟಿ ತರಬೇಕು. ನಮ್ಮೂರಿಗೆ ಶೋಕಿ ಬಂತು, ಚೀಟಿ ಬರಲಿಲ್ಲ.

ಟಿಪ್ಪು ಕಾಲದಿಂದ ಕುದುರೆ ಕಂಡ ಕುಣಿಗಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊರಸು ನೋಡಿ ಲಾಳ ಬಡಿಯುತ್ತಾರೆಯೇ ಹೊರತು ಲಾಳ ನೋಡಿ ಗೊರಸು ಎಳೆಯುವುದಿಲ್ಲ.

ಲೆಕ್ಕ ನೋಡೋಣ. ಮಾರುತಿ ಸ್ವಿಫ್ಟ್ ಕಾರಿನ ಕೆಳದರ್ಜೆ ಮಾಡೆಲಿಗೆ ಬಂದ ಟೈರು 165/80 ಆರ್ 14. ಹುಡುಗರ ಕಣ್ಣು 195/50 ಆರ್ 15ರ ಮೇಲೆ. ಈ ಅಳತೆಗೆ ಟೈರು ತಯಾರಕರು ಒಪ್ಪಿರುವ ರಿಮ್ಮಿನ ಅಗಲ 5.5ರಿಂದ 7 ಇಂಚು. ಸ್ಟ್ರೆಚ್ ಪ್ರಿಯರು ಹಾಕಿಸುವುದು 8, ಇನ್ನೂ ಧೈರ್ಯವಂತರು 9! ಭಾರದ ಮಾತಿಗೆ ಬಂದರೆ ಹಳೆ ಟೈರು ಒಂದೊಂದು 515 ಕೆ.ಜಿ. ಹೊರುತ್ತಿತ್ತು, ಹೊಸದರ ಸಾಮಾನ್ಯ ನಮೂನೆ 475. ನಾಲ್ಕೂ ಸೇರಿ 160 ಕೆ.ಜಿ. ಖೋತಾ, ಅಂದರೆ ಮೂರು ಮೂಟೆ ಸಿಮೆಂಟಿಗಿಂತ ಜಾಸ್ತಿ. ಅದೂ ಸರಿಯಾದ ರಿಮ್ಮಿನ ಮೇಲೆ ಕೂತಿದ್ದರೆ ಮಾತ್ರ.

ಟೈರಿನ ತಂತಿ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿದಿರುವುದು ಒಳಗಿನ ಗಾಳಿ. ಪಕ್ಕೆ ನೆಟ್ಟಗಿದ್ದರೆ ಆ ಹಿಡಿತ ಗಟ್ಟಿ. ಪಕ್ಕೆಯನ್ನು ಓರೆಯಾಗಿ ಎಳೆದರೆ, ಗಾಳಿ ಸ್ವಲ್ಪ ಇಳಿದಾಗ, ತಿರುವಿನಲ್ಲಿ ಜೋರಾಗಿ ಹೊರಳಿಸಿದಾಗ, ಅಂಚು ಕಳಚಿ ಗಾಳಿ ಒಮ್ಮೆಗೇ ಹೋಗಿಬಿಡಬಹುದು. ರಿಮ್ಮಿನ ತುದಿಯಂತೂ ಬರಿಮೈ. ಗುಂಡಿಗೆ ಬಿದ್ದರೆ ಏಟು ತಿನ್ನುವುದು ರಬ್ಬರಲ್ಲ, ಅಲಾಯ್. ಕುಣಿಗಲ್ ಬಳಿಯ ಮಂಗಳೂರು ಹೆದ್ದಾರಿಯ ವೇಗದಲ್ಲಿ ಹೀಗಾದರೆ ಕಾರು ಎತ್ತ ನುಗ್ಗುತ್ತದೋ ಓಡಿಸುವವನಿಗೇ ತಿಳಿಯದು. ಅವನಿಗಾದರೂ ಸೀಟು ಬೆಲ್ಟು, ಏರ್‌ಬ್ಯಾಗು ಉಂಟು. ರಸ್ತೆ ಬದಿ ಬಸ್ಸಿಗೆ ಕಾಯುವವನಿಗೆ ಏನುಂಟು ಸ್ವಾಮಿ?

ಇನ್ನು ಕೂರಿಸುವ ಬಗೆ. ಇಂಥ ಟೈರಿಗೆ ಮಾಮೂಲಿಯಾಗಿ ಗಾಳಿ ಹಿಡಿದರೆ ಅಂಚು ರಿಮ್ಮಿಗೆ ತಾಗುವುದೇ ಕಷ್ಟ. ಹಾಗಾಗಿ ಉರಿಯುವ ಸ್ಪ್ರೇ ಹೊಡೆದು ಬೆಂಕಿ ತಾಗಿಸಿ ‘ಢಂ’ ಅನ್ನಿಸುವ ಕೆಟ್ಟ ಚಾಳಿಯೊಂದು ವಿಡಿಯೋಗಳಲ್ಲಿ ಓಡಾಡುತ್ತಿದೆ. ಸಿಡಿದರೆ ಕೈ ಮುಖ ಸುಟ್ಟುಕೊಳ್ಳುವವನು ಅಂಗಡಿಯ ಕೆಲಸದ ಹುಡುಗ, ಕಾರಿನ ಸಾಹುಕಾರನಲ್ಲ. ಟೈರು ಅಂಗಡಿಯವರು ‘ಆಗಲ್ಲ, ಬೇರೆ ಕಡೆ ಹೋಗಪ್ಪ’ ಅಂದರೆ ಒಂದು ಗಿರಾಕಿ ಹೋಗಬಹುದು. ಹೋಗಲಿ ಬಿಡಿ.

ನಮ್ಮ ಹಂಪುಗಳ ಪುರಾಣ ಬೇರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರು ಅಗಲ, ನಿಧಾನವಾಗಿ ಏರಿ ಇಳಿಯಬೇಕು. ಹಳ್ಳಿಗಳ ಬಾಯಲ್ಲಿ ಇರುವ ಹಂಪುಗಳು ಎಮ್ಮೆ ಬೆನ್ನು! 2018ರ ಸ್ವಿಫ್ಟು ನೆಲದಿಂದ 163 ಮಿ.ಮೀ. ಮೇಲಿತ್ತು. ಟೈರು ಸಣ್ಣದಾದ್ದಕ್ಕೆ 22 ಹೋಯಿತು, ಸ್ಪ್ರಿಂಗಿನಲ್ಲಿ 40 ಕಳೆದರು ಅನ್ನಿ, ಉಳಿದದ್ದು 101. ಹಂಪಿನ ಎತ್ತರ 100. ಆಮೇಲೆ ಕಾರು ಹಂಪಿನ ಮುಂದೆ ಅಡ್ಡಡ್ಡ ತಿರುಗಿ ಒಂದೊಂದೇ ಚಕ್ರ ಹತ್ತಿಸುತ್ತದೆ, ಹಿಂದಿನ ಬಸ್ಸು ಹಾರನ್ ಹೊಡೆಯುತ್ತದೆ, ನಿಮಗೆ ಆಫೀಸಿನಲ್ಲಿ ಲೇಟು ಮಾರ್ಕು.

ಕಾನೂನು ಏನನ್ನುತ್ತೆ? ಟೈರು ಬದಲಿಸಿದ್ದೆಲ್ಲ ತಪ್ಪಲ್ಲ. ಅದೇ ಸ್ವಿಫ್ಟಿನ ಮೇಲ್ದರ್ಜೆ ಮಾಡೆಲಿಗೆ ಕಂಪನಿಯೇ 185/65 ಆರ್ 15 ಕೊಟ್ಟಿದೆ. ಚಕ್ರದ ಒಟ್ಟು ಎತ್ತರದಲ್ಲಿ ಎರಡು ಮಿ.ಮೀ. ವ್ಯತ್ಯಾಸ ಅಷ್ಟೆ. ಅಂದ ಬೇಕಾದವನಿಗೆ ಅಲ್ಲೇ ಸಾಕಷ್ಟಿದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸಬಾರದು ಎನ್ನುತ್ತದೆ. ಕೇರಳದಿಂದ ಹೋದ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಸ್ಪ್ರಿಂಗು ಕತ್ತರಿಸಿ ರಿಮ್ಮು ಹೊರಕ್ಕೆ ತಂದವನು ಇದರ ಮುಂದೆ ಏನು ಹೇಳಿಯಾನು? ಇನ್ಶೂರೆನ್ಸಿಗೆ ತಿಳಿಸದೆ ಮಾಡಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಬೇರೆ.

ಕೆಎ 06 ನಂಬರಿನ ಬೈಕು ಹುಡುಗರ ಸೈಲೆನ್ಸರು ಶಬ್ದಕ್ಕೆ ಸಿಕ್ಕಿಬೀಳುತ್ತದೆ. ಟೈರು ಶಬ್ದ ಮಾಡುವುದಿಲ್ಲ. ಬಗ್ಗಿ ನೋಡಬೇಕು. ಆರ್.ಟಿ.ಒ. ಸಾಹೇಬರು ಹೆಲ್ಮೆಟ್ಟಿನ ಜೊತೆಗೆ ಇದನ್ನೂ ಒಮ್ಮೆ ಬಗ್ಗಿ ನೋಡಲಿ ಎಂಬುದು ಬಸ್ ಸ್ಟಾಪಿನವರ ಪರವಾಗಿ ನಮ್ಮ ಅರ್ಜಿ.

ಅಂಗಡಿ ಸಾಮಾನು ತರಲು ಸೆಕೆಂಡ್‌ಹ್ಯಾಂಡ್ ಕಾರು ನೋಡುತ್ತಿರುವವರಿಗೆ ಇನ್ನೊಂದು ಮಾತು. ತಗ್ಗಿಸಿದ ಕಾರಿನ ಚಕ್ರ ಒಳಕ್ಕೆ ವಾಲಿರುತ್ತದೆ, ಹೊರಗೆ ಟೈರು ಹೊಸದಾಗಿ ಕಂಡರೂ ಒಳ ಅಂಚು ತಂತಿ ಕಾಣುವಷ್ಟು ಸವೆದಿರಬಹುದು. ಕೈ ಹಾಕಿ ಸವರಿ ನೋಡಿ. ಮೀಟರನ್ನೂ ನಂಬಬೇಡಿ. ಮೇಲೆ ಹೇಳಿದ ಸಣ್ಣ ಟೈರಿಗೆ ಅದು 80 ತೋರಿಸುವಾಗ ಕಾರಿನ ಓಟ ಸುಮಾರು 74. ಡ್ರೈವರ್ ಬಾಗಿಲ ಬಳಿ ಕಂಪನಿ ಅಂಟಿಸಿದ ಚೀಟಿಯಲ್ಲಿ ಟೈರಿನ ಅಳತೆ, ಗಾಳಿ ಎಷ್ಟಿರಬೇಕು ಎಂದು ಬರೆದಿರುತ್ತೆ. ಟೈರಿನ ಮೇಲಿನ ಅಂಕಿ ಅದಕ್ಕೆ ಹೊಂದದಿದ್ದರೆ ಮೂಲ ರಿಮ್ಮು ಎಲ್ಲಿ ಅಂತ ಕೇಳಿ. ಕತ್ತರಿಸಿದ ಸ್ಪ್ರಿಂಗು ಮತ್ತೆ ಬೆಳೆಯುವುದಿಲ್ಲ, ನಾಲ್ಕು ಹೊಸ ಸ್ಪ್ರಿಂಗಿನ ಬೆಲೆ ಕಳೆದೇ ರೇಟು ಮಾತಾಡಿ.