ಮೂರಾ, ಇಪ್ಪತ್ನಾಲ್ಕಾ? ಚಾಮರಾಜನಗರದ ಲೆಕ್ಕ ಇನ್ನೂ ಮುಗಿದಿಲ್ಲ

ಒಂದು ಸಣ್ಣ ಲೆಕ್ಕ ಮಾಡೋಣ. ಆಸ್ಪತ್ರೆಯ ಜಂಬೋ ಸಿಲಿಂಡರ್ ಒಂದರಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತೆ. ಮಾಸ್ಕ್ ಹಾಕಿರುವ ಗಂಭೀರ ಕೋವಿಡ್ ರೋಗಿಗೆ ನಿಮಿಷಕ್ಕೆ 15 ಲೀಟರ್ ಕೊಟ್ಟರೆ ಅದು ಎಂಟು ಗಂಟೆಯೂ ಬರಲ್ಲ. ಅಂಥ ನೂರು ರೋಗಿಗಳಿದ್ದರೆ ಐದು ನಿಮಿಷಕ್ಕೊಂದು ಸಿಲಿಂಡರ್ ಖಾಲಿ, ದಿನಕ್ಕೆ 300ಕ್ಕೂ ಹೆಚ್ಚು. ಇಷ್ಟು ತಿಳಿಯೋಕೆ ಎಂಜಿನಿಯರಿಂಗ್ ಓದಬೇಕಿಲ್ಲ. ನಾನು ಓದಿದ್ದೀನಿ, ಅಲ್ಲೂ ಇದಕ್ಕಿಂತ ಕಷ್ಟದ್ದೇ ಕೇಳ್ತಿದ್ದರು.

ಅಂದರೆ ಆಕ್ಸಿಜನ್ ಮುಗಿಯೋದು ಭೂಕಂಪದ ಹಾಗೆ ಹೇಳದೇ ಕೇಳದೇ ಬರುವುದಿಲ್ಲ. ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಸಂಜೆಯೇ ಗೊತ್ತಾಗುತ್ತೆ.

2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಅದು ಮುಗಿಯಿತು. ಸಿಲಿಂಡರ್ ತುಂಬಿಸಿಕೊಂಡು ಬರಬೇಕಿದ್ದದ್ದು ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಿಂದ. ಬೆಳಗಾದಾಗ ಎಲ್ಲ ಕಡೆ ಕೇಳಿಬಂದ ಸಂಖ್ಯೆ 24. ಅಂದಿನ ಆರೋಗ್ಯ ಸಚಿವ ಕೆ. ಸುಧಾಕರ್ ಹೇಳಿದ್ದು, ಆಕ್ಸಿಜನ್ ಇಲ್ಲದೆ ಸತ್ತವರು ಮೂವರು ಮಾತ್ರ, ಉಳಿದವರಿಗೆ ಬೇರೆ ಕಾಯಿಲೆಗಳಿದ್ದವು. ಇದ್ದಿರಬಹುದು. ಬೇರೆ ಕಾಯಿಲೆ ಇರುವವರಿಗೇ ಅಲ್ಲವೇ ಆಕ್ಸಿಜನ್ ಹೆಚ್ಚು ಬೇಕಾಗೋದು?

ನಂತರ ಎರಡು ಜಿಲ್ಲಾಡಳಿತಗಳ ಜಗಳ ಬೀದಿಗೆ ಬಂತು. ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಸಮಿತಿ, ಸಾವುಗಳಿಗೆ ಆಮ್ಲಜನಕದ ಕೊರತೆಯೇ ಕಾರಣ ಎಂದಿತು. ಮೈಸೂರು ಪೂರೈಕೆ ತಡೆಯಿತು ಎಂಬ ಆರೋಪ ಅಲ್ಲಿ ನಿಲ್ಲಲಿಲ್ಲ. ಚಾಮರಾಜನಗರ ಆಡಳಿತದ ವೈಫಲ್ಯ ಎದ್ದು ಕಂಡಿತು.

ಜಿಲ್ಲೆಯೊಂದನ್ನೇ ದೂರಿ ಕೂರುವುದೂ ಸರಿಯಲ್ಲ. ಎರಡನೇ ಅಲೆಯ ಬಗ್ಗೆ ರಾಜ್ಯದ ತಾಂತ್ರಿಕ ಸಲಹಾ ಸಮಿತಿ 2020ರ ಕೊನೆಗೇ ಎಚ್ಚರಿಸಿತ್ತು. ಇನ್ನು ಕೇಂದ್ರ? ಕರ್ನಾಟಕಕ್ಕೆ ದಿನಕ್ಕೆ 965 ಟನ್ ಹಂಚಿಕೆ ಮಾಡಿತ್ತು. ಅದನ್ನು 1,200ಕ್ಕೆ ಏರಿಸಿ ಅಂತ ಮೇ 5ರಂದು ಹೈಕೋರ್ಟ್ ಹೇಳಬೇಕಾಯಿತು. ಏರಿಸುವ ಬದಲು ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು! ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಆ ಮನವಿಯನ್ನು ತಳ್ಳಿಹಾಕಿತು. ಚಾಮರಾಜನಗರದ ಮಟ್ಟಿಗೆ ಅಷ್ಟೊತ್ತಿಗೆ ತಡವಾಗಿತ್ತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಜುಲೈ 20ರ ಉತ್ತರ. ಆಕ್ಸಿಜನ್ ಕೊರತೆಯಿಂದ ಸಾವು ಸಂಭವಿಸಿದೆ ಅಂತ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ಕೇಂದ್ರ ಆರೋಗ್ಯ ಇಲಾಖೆ ರಾಜ್ಯಸಭೆಗೆ ತಿಳಿಸಿತು. ತಾಂತ್ರಿಕವಾಗಿ ಇದು ಸುಳ್ಳಲ್ಲ, ಸಮಸ್ಯೆ ಇರೋದೇ ಅಲ್ಲಿ. ಮರಣ ಕಾರಣದ ಪ್ರಮಾಣಪತ್ರ ಯಾವ ರೋಗ ಅಂತ ಕೇಳುತ್ತೆ, ಆಸ್ಪತ್ರೆಯಲ್ಲಿ ಏನು ಇರಲಿಲ್ಲ ಅಂತ ಕೇಳಲ್ಲ. ವೈದ್ಯರು ಕೋವಿಡ್ ಅಂತ ಬರೀತಾರೆ, ಜಿಲ್ಲೆ ಅದನ್ನೇ ಮೇಲಕ್ಕೆ ಕಳಿಸುತ್ತೆ, ದೆಹಲಿಗೆ ತಲುಪುವ ಹೊತ್ತಿಗೆ ಖಾಲಿ ಸಿಲಿಂಡರ್ ಕಡತದಿಂದಲೇ ಮಾಯ.

ಮುಂದಿನ ಸಲದ ಸಿದ್ಧತೆ ಅಂದಾಗ ಎಲ್ಲ ಪಕ್ಷಗಳೂ ಆಕ್ಸಿಜನ್ ಘಟಕ ಉದ್ಘಾಟಿಸಿದ ಫೋಟೊ ತೋರಿಸುತ್ತವೆ. ಘಟಕ ಬೇಕು, ಬೇಡ ಅಂತಿಲ್ಲ. ಜೊತೆಗೆ ಸಾವಿನ ಆಡಿಟ್‌ನಲ್ಲಿ ಇನ್ನೊಂದು ಕಾಲಂ ಸೇರಿಸಲಿ: ಸಾಯುವ ಹೊತ್ತಿಗೆ ಈ ರೋಗಿಗೆ ಬೇಕಿದ್ದ ಆಮ್ಲಜನಕ ಎಷ್ಟು, ಸಿಕ್ಕಿದ್ದು ಎಷ್ಟು? ಇದನ್ನು ಜಾರಿಗೆ ತರಲು ಟೆಂಡರ್ ಕರೆಯಬೇಕಿಲ್ಲ, ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.