ಸ್ವಾರ್ಥವಾದಿಗಳ ಎರಡು ತಕ್ಕಡಿ

ಲಾಭವಿಲ್ಲದೆ ಯಾರೂ ಕೈ ಅಲ್ಲಾಡಿಸುವುದಿಲ್ಲ, ಮುಯ್ಯಿ, ದಾಸೋಹ, ಸಹಕಾರ ಎಲ್ಲವೂ ವೇಷ ಹಾಕಿದ ಸ್ವಾರ್ಥವೇ ಎನ್ನುವ ಪಂಡಿತರು ನಮ್ಮ ಅಥಣಿ ಸೀಮೆಯಲ್ಲೂ ಹೆಚ್ಚುತ್ತಿದ್ದಾರೆ. ಅನಂತಪುರದ ಚಹಾದಂಗಡಿಯಲ್ಲೂ ಈ ಮಾತಿಗೆ ತಲೆದೂಗುವವರಿದ್ದಾರೆ. ವಾದವನ್ನು ಒಂದೊಂದಾಗಿ ಬಿಚ್ಚಿ ನೋಡೋಣ, ತೀರ್ಪು ಓದುಗರದು.

ಮುಯ್ಯಿ ಎಂದರೆ ಆಳಿಗೆ ಆಳು, ಬರೀ ಲೆಕ್ಕಾಚಾರ ಎನ್ನುತ್ತಾರೆ. ಒಪ್ಪಿದೆ, ಅದರಲ್ಲಿ ಲೆಕ್ಕವಿದೆ. ಆದರೆ ತಿರುಗಿ ಬರಲು ಒಂದು ಆಳೂ ಇಲ್ಲದ ಮುದುಕಿಯ ಹೊಲಕ್ಕೆ ಕಳೆ ತೆಗೆಯಲು ಹೋದವರು ಯಾವ ಲೆಕ್ಕಕ್ಕೆ ಹೋದರು? ಉತ್ತರ ಸಿದ್ಧವಾಗಿದೆ: ಹೆಸರಿಗೆ, ಪುಣ್ಯಕ್ಕೆ, ಮನಸ್ಸಿನ ಸಮಾಧಾನಕ್ಕೆ. ಅಂದರೆ ಹೋದವನೂ ಸ್ವಾರ್ಥಿ, ಹೋಗದವನೂ ಸ್ವಾರ್ಥಿ. ಯಾವ ಸಾಕ್ಷಿಗೂ ಸೋಲದ ವಾದ ಅಖಾಡಕ್ಕೇ ಇಳಿದಿಲ್ಲ ಎಂದರ್ಥ.

ಆಡಂ ಸ್ಮಿತ್‌ನನ್ನೂ ಸಾಕ್ಷಿಗೆ ಕರೆಯುತ್ತಾರೆ. 1776ರ ಅವನ ಗ್ರಂಥದಲ್ಲಿ ತಮ್ಮ ಲಾಭಕ್ಕಾಗಿಯೇ ನಮ್ಮ ಊಟ ಒದಗಿಸುವ ಕಟುಕ, ರೊಟ್ಟಿಯವ ಇವರಿಗೆ ಬಾಯಿಪಾಠ. ಪರರ ಸುಖದಲ್ಲಿ ಮನುಷ್ಯನಿಗೆ ಸಹಜ ಆಸಕ್ತಿಯಿದೆ ಎಂದೇ ಆರಂಭವಾಗುವ ಅವನ 1759ರ ಪುಸ್ತಕ ಮಾತ್ರ ಯಾಕೋ ಇವರ ಕೈಗೆ ಸಿಕ್ಕಿಲ್ಲ.

ಸಹಕಾರ ಸಂಘ ಹುಟ್ಟಿದ್ದೇ ಅಗ್ಗದ ಸಾಲದ ಆಸೆಗೆ ಎಂಬುದು ಮೂರನೆಯ ಮಾತು. ಸಾಲ ಬೇಕಿತ್ತು, ನಿಜ. ಆದರೆ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಕಾಲಕ್ಕೆ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಹೊಲವಿದ್ದವನ ಹೊಲಕ್ಕೇ ಕುತ್ತು. ಆಸ್ತಿಯುಳ್ಳವನು ಇಲ್ಲದವನ ಸಾಲಕ್ಕೆ ಹೆಗಲು ಕೊಟ್ಟದ್ದು ಸ್ವಾರ್ಥವಾದರೆ, ಅಷ್ಟು ದಡ್ಡ ಸ್ವಾರ್ಥ ಬೇರೊಂದಿಲ್ಲ.

ಇನ್ನು ಕಬ್ಬಿನ ಬಿಲ್ಲು. ಇಲ್ಲಿ ಪಂಡಿತರ ಬಣ್ಣವೇ ಬದಲಾಗುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೈಸೇರಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಬಡ್ಡಿ ಕೇಳಿದ ರೈತನಿಗೆ ಇವರ ಉಪದೇಶ: "ಕಾರ್ಖಾನೆ ನಿಮ್ಮದೇ, ಸ್ವಲ್ಪ ತಾಳಿ, ತ್ಯಾಗ ಮಾಡಿ." 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಧರಣಿ ಕೂತ ಬೆಳೆಗಾರರು ಇವರ ಕಣ್ಣಿಗೆ ದುರಾಸೆಯವರು. ಮಾಲೀಕ ಲಾಭ ನೋಡಿದರೆ ಪ್ರಕೃತಿ ನಿಯಮ, ಬೆಳೆಗಾರ ನೋಡಿದರೆ ನೀತಿಗೇಡು! ತ್ಯಾಗವೆಂಬುದೇ ಲೋಕದಲ್ಲಿಲ್ಲ ಎಂದವರು ಅದನ್ನು ರೈತನ ಮನೆಯಲ್ಲಿ ಮಾತ್ರ ಹೇಗೆ ಹುಡುಕುತ್ತಾರೆ?

ಎಲ್ಲರೂ ಸ್ವಾರ್ಥಿಗಳೇ ಆದರೆ ತಡವಾದ ಬಿಲ್ಲಿಗೆ ಬಡ್ಡಿ ಸೇರಿಸಿ ಕೊಡಿಸಲಿ. ತ್ಯಾಗ ಇದೆಯೆಂದಾದರೆ ಸಿದ್ಧಾಂತವನ್ನು ವಾಪಸು ಪಡೆಯಲಿ. ಎರಡನ್ನೂ ಇಟ್ಟುಕೊಳ್ಳಲು ಇವರಿಗೆ ಹಕ್ಕಿಲ್ಲ.