ನೆರವು ಎಂಬ ವಿದ್ಯೆ

ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿ ಸನ್ನೆಕೋಲಿನ ಪಾಠವನ್ನು ಓದದೆ ಬಂದವರು ನಮ್ಮ ವಾಚಕರಲ್ಲಿ ಯಾರೂ ಇರಲಾರರು. ಭಾರ ಎಲ್ಲಿದೆ, ಆಧಾರಬಿಂದು ಎಲ್ಲಿದೆ, ಬಲವನ್ನು ಎಲ್ಲಿ ಹೂಡಬೇಕು ಎಂಬುದನ್ನು ಗುರುತಿಸಿ, ಗುಣಿಸಿ ಭಾಗಿಸಿ, ಅಂಕಗಳನ್ನು ಪಡೆದ ಮೇಲೆ ಆ ಪಾಠದ ಗೊಡವೆ ಸಾಮಾನ್ಯವಾಗಿ ನಮಗೆ ಇರುವುದಿಲ್ಲ. ಆದರೆ ಸೊಂಟದ ಕೆಳಗೆ ಶಕ್ತಿಯಿಲ್ಲದ ಮನುಷ್ಯನೊಬ್ಬನನ್ನು ಮಂಚದಿಂದ ಗಾಲಿಕುರ್ಚಿಗೂ ಗಾಲಿಕುರ್ಚಿಯಿಂದ ಮಂಚಕ್ಕೂ ದಾಟಿಸಬೇಕಾದವರಿಗೆ ಈ ಪಾಠ ದಿನಕ್ಕೆ ಹಲವು ಬಾರಿ ಎದುರಾಗುತ್ತದೆ. ಬೆನ್ನನ್ನು ಬಾಗಿಸಿ, ಕೈಗಳನ್ನು ಮುಂದೆ ಚಾಚಿ ಎತ್ತಲು ಹೊರಟರೆ ಸೊಂಟದ ಕೀಲೇ ಆಧಾರಬಿಂದುವಾಗುತ್ತದೆ. ಕೈಗೆ ಬಂದ ಭಾರ ೨೦ ಕಿಲೋಗ್ರಾಂ ಎಂದೂ, ಅದು ಆ ಬಿಂದುವಿನಿಂದ ೫೦ ಸೆಂಟಿಮೀಟರ್ ದೂರದಲ್ಲಿದೆಯೆಂದೂ ಭಾವಿಸೋಣ. ಅದನ್ನು ಸರಿದೂಗಿಸಬೇಕಾದ ಬೆನ್ನಿನ ಸ್ನಾಯುಗಳು ಅದೇ ಬಿಂದುವಿನಿಂದ ಸುಮಾರು ೫ ಸೆಂಟಿಮೀಟರ್ ದೂರದಲ್ಲಿ ಮಾತ್ರ ಎಳೆಯಬಲ್ಲವು. ಆದುದರಿಂದ ಅವು ೨೦೦ ಕಿಲೋಗ್ರಾಂ ತೂಕಕ್ಕೆ ಸಮನಾದ ಬಲವನ್ನು ಹೂಡಬೇಕಾಗುತ್ತದೆ. ಬಾಗಿದ ಮೈಯ ಸ್ವಂತ ತೂಕ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ! ಅದೇ ಭಾರವನ್ನು ಮೈಗೆ ಒತ್ತಿ ಹಿಡಿದು, ಮಂಡಿಗಳನ್ನು ಮಡಿಸಿ, ದೂರವನ್ನು ೨೦ ಸೆಂಟಿಮೀಟರಿಗೆ ಇಳಿಸಿದರೆ ಸ್ನಾಯುಗಳ ಪಾಲಿಗೆ ಬರುವುದು ೮೦ ಕಿಲೋಗ್ರಾಂ ಮಾತ್ರ.

ಈ ಲೆಕ್ಕವನ್ನು ಯಾರೂ ಹೇಳಿಕೊಡದೆ, ಬೆಳೆದ ಮಗನನ್ನೋ ಮಗಳನ್ನೋ ವರ್ಷಗಟ್ಟಲೆ ಎತ್ತಿ ಇಳಿಸಿ ಬೆನ್ನು ಕಳೆದುಕೊಂಡ ತಾಯಂದಿರನ್ನು ನೋಡಲು ಬಹು ದೂರ ಹೋಗಬೇಕಾಗಿಲ್ಲ. ನಮ್ಮ ಬೀದಿಗಳಲ್ಲಿಯೇ ಅವರು ಇದ್ದಾರೆ.

ಅಂಗವೈಕಲ್ಯವುಳ್ಳವರಿಗೆ ನೆರವಾಗುವ ಕೆಲಸವನ್ನು ನಾವು ಕರುಣೆಯ ಕೆಲಸವೆಂದು ಬಗೆಯುತ್ತ ಬಂದಿದ್ದೇವೆ. ಒಳ್ಳೆಯ ಮನಸ್ಸಿದ್ದವರೆಲ್ಲರೂ ಅದನ್ನು ಮಾಡಬಲ್ಲರು, ಅದಕ್ಕೆ ಕಲಿಯಬೇಕಾದುದು ಏನೂ ಇಲ್ಲ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬಲವಾಗಿದೆ. ಈ ಭಾವನೆ ತಪ್ಪು ಎಂದು ನನ್ನ ಅಭಿಪ್ರಾಯ. ಒಳ್ಳೆಯ ಮನಸ್ಸು ಬೇಕು, ನಿಜ. ಶಸ್ತ್ರವೈದ್ಯನಿಗೂ ಅದು ಬೇಕು; ಆದರೆ ಮನಸ್ಸು ಒಳ್ಳೆಯದೆಂದು ನಾವು ಯಾರ ಕೈಗೂ ಕತ್ತಿಯನ್ನು ಕೊಡುವುದಿಲ್ಲ. ನೆರವೂ ಒಂದು ವಿದ್ಯೆ. ಅದನ್ನು ಕಲಿಯಬೇಕು, ಕಲಿತವರಿಗೆ ಕೂಲಿ ಸಲ್ಲಬೇಕು.

೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ ೨ ಕೋಟಿ ೬೮ ಲಕ್ಷ. ಕರ್ನಾಟಕವೊಂದರಲ್ಲಿಯೇ ೧೩ ಲಕ್ಷಕ್ಕೂ ಹೆಚ್ಚು. ೧೯೯೫ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿದ್ದರೆ, ೨೦೧೬ರ ಕಾಯಿದೆ ೨೧ ಬಗೆಗಳನ್ನು ಹೆಸರಿಸುತ್ತದೆ. (ಸರ್ಕಾರದ ಕಾಗದಗಳಲ್ಲಿ ಇವರನ್ನು ಈಗ ವಿಕಲಚೇತನರೆಂದು ಕರೆಯುವುದು ವಾಡಿಕೆ. ಕಾಲಿನಲ್ಲಿ ಶಕ್ತಿಯಿಲ್ಲದವನ ಚೇತನಕ್ಕೆ ಏನು ಕುಂದು ಬಂದಿತೆಂಬುದು ನನಗೆ ಅರ್ಥವಾಗಿಲ್ಲ. ಹಳೆಯ ಹೆಸರನ್ನು ಬಿಡುವ ಆತುರದಲ್ಲಿ ಅದಕ್ಕಿಂತ ಕಟುವಾದುದನ್ನು ಹಿಡಿದಂತಾಯಿತು.)

ಗಾಲಿಕುರ್ಚಿಯ ವಿಷಯವನ್ನೇ ಇನ್ನು ಸ್ವಲ್ಪ ನೋಡೋಣ. ಮೆಟ್ಟಿಲಿನ ಪಕ್ಕದಲ್ಲಿ ಒಂದು ಇಳಿಜಾರನ್ನು ಕಟ್ಟಿಬಿಟ್ಟರೆ ಕರ್ತವ್ಯ ಮುಗಿಯಿತೆಂದು ಅನೇಕ ಕಟ್ಟಡಗಳ ಯಜಮಾನರು ತಿಳಿದಿದ್ದಾರೆ. ಹನ್ನೆರಡು ಅಡಿ ಸಾಗುವಾಗ ಒಂದು ಅಡಿ ಏರುವ ಇಳಿಜಾರಿನಲ್ಲಿ, ಕುರ್ಚಿಯೂ ಕುಳಿತವರೂ ಸೇರಿ ೯೦ ಕಿಲೋಗ್ರಾಂ ಇದ್ದರೆ, ಘರ್ಷಣೆಯನ್ನು ಬಿಟ್ಟು ಸುಮಾರು ೭.೫ ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳಬೇಕು. ನಾಲ್ಕು ಅಡಿಗೆ ಒಂದು ಅಡಿ ಏರುವಂತೆ ಕಟ್ಟಿದರೆ ಅದು ಸುಮಾರು ೨೨ ಕಿಲೋಗ್ರಾಂ ಆಗುತ್ತದೆ. ಇಂತಹ ಕಡಿದಾದ ಇಳಿಜಾರಿನಲ್ಲಿ ಕೆಳಗೆ ಬರುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ತಾನು ಕೆಳಗಿನ ಕಡೆಯಲ್ಲಿ ನಿಂತು, ಮೆಲ್ಲನೆ ಇಳಿಸಬೇಕೆಂಬುದು ಕಲಿತ ಸಹಾಯಕನಿಗೆ ಗೊತ್ತಿರುತ್ತದೆ. ಹಾಗೆ ಮಾಡಿದಾಗ ಕುಳಿತವರ ಭಾರವು ಕುರ್ಚಿಯ ಒರಗಿನ ಮೇಲೆ ಬೀಳುತ್ತದೆ. ಮುಂದಕ್ಕೆ ಜಾರಿ ಬೀಳುವ ಭಯವಿಲ್ಲ. ಕಲಿಯದವನು ಮುಖ ಮುಂದಾಗಿಯೇ ಇಳಿಸುತ್ತಾನೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿ ಬಂದುದು. ಕುಳಿತ ಮನುಷ್ಯನ ಭಾರದ ಬಹುಪಾಲು ಪೃಷ್ಠದ ಎರಡು ಎಲುಬುಗಳ ಕೆಳಗಿನ ಸಣ್ಣ ಜಾಗದ ಮೇಲೆ ಬೀಳುತ್ತದೆ. ನಾವು ನೀವು ತರಗತಿಯಲ್ಲಿ ಕುಳಿತಾಗ ಅರಿವಿಲ್ಲದೆಯೇ ಆಗಾಗ ಮಿಸುಕಾಡುತ್ತೇವೆ. ಪಾಠ ನೀರಸವಾದುದೇ ಅದಕ್ಕೆ ಕಾರಣವೆಂದು ಉಪಾಧ್ಯಾಯರು ನೊಂದುಕೊಳ್ಳಬೇಕಾಗಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಆ ಭಾಗದ ನೋವೇ ತಿಳಿಯುವುದಿಲ್ಲವಾದುದರಿಂದ ಅವರು ಮಿಸುಕುವುದಿಲ್ಲ. ರಕ್ತದ ಹರಿವು ನಿಂತ ಜಾಗದಲ್ಲಿ ಹುಣ್ಣಾಗುತ್ತದೆ. ಅದು ಎಲುಬಿನವರೆಗೆ ಇಳಿದು ಪ್ರಾಣಕ್ಕೇ ಎರವಾಗಬಹುದು. ಹದಿನೈದು ಇಪ್ಪತ್ತು ನಿಮಿಷಗಳಿಗೊಮ್ಮೆ ಭಾರವನ್ನು ಬದಲಿಸಬೇಕೆಂದು ತಿಳಿದ ಸಹಾಯಕನೊಬ್ಬನು ಹತ್ತಿರದಲ್ಲಿದ್ದರೆ ಸಾಕು, ತಿಂಗಳುಗಟ್ಟಲೆಯ ಆಸ್ಪತ್ರೆವಾಸ ತಪ್ಪೀತು.

ಇಲ್ಲಿಯವರೆಗೆ ಹೇಳಿದುದು ಎತ್ತುವ ತಳ್ಳುವ ಮಾತಾಯಿತು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಭಾಗವುಂಟು. ರಸ್ತೆಯನ್ನು ದಾಟಲು ನಿಂತ ದೃಷ್ಟಿಹೀನರನ್ನು ಕಂಡರೆ ನಾವು ಏನು ಮಾಡುತ್ತೇವೆ? ತೋಳನ್ನು ಹಿಡಿದು ಮುಂದಕ್ಕೆ ತಳ್ಳಿಕೊಂಡು ಹೋಗುತ್ತೇವೆ. ಎಂದರೆ, ಮುಂದೇನಿದೆಯೆಂದು ಕಾಣದವರನ್ನು ಮುಂದೆ ಇಟ್ಟು, ಕಾಣುವ ನಾವು ಹಿಂದೆ ಉಳಿಯುತ್ತೇವೆ! ಈ ವಿದ್ಯೆಯನ್ನು ಬಲ್ಲವರು ತಮ್ಮ ತೋಳನ್ನು ನೀಡುತ್ತಾರೆ. ದೃಷ್ಟಿಹೀನರು ಅದನ್ನು ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿದು, ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ಮುಂದಿನವರು ತಿರುಗಿದರೆ, ತಡೆದರೆ, ಮೆಟ್ಟಿಲನ್ನು ಹತ್ತಿದರೆ ಆ ಚಲನೆಯೆಲ್ಲವೂ ಮಾತಿನ ಹಂಗಿಲ್ಲದೆ ತೋಳಿನ ಮೂಲಕ ತಿಳಿದುಬಿಡುತ್ತದೆ. ಹಿಡಿದ ಕೈ ಅವರದು; ಬೇಡವೆನಿಸಿದಾಗ ಬಿಡುವ ಅಧಿಕಾರವೂ ಅವರದೇ. ಬಿಳಿ ಕೋಲಿನ ಬಳಕೆಯೂ ಇಂತಹ ಕಲಿತ ವಿದ್ಯೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಎಂಬುವರು ೧೯೪೪ರ ಸುಮಾರಿಗೆ ಉದ್ದನೆಯ ಕೋಲಿನ ಕ್ರಮವನ್ನು ರೂಪಿಸಿದರು. ಎಡಗಾಲು ಮುಂದೆ ಬರುವಾಗ ಕೋಲಿನ ತುದಿ ಬಲಗಡೆಯ ನೆಲವನ್ನು ಮುಟ್ಟಬೇಕು. ಬಲಗಾಲು ಬರುವಾಗ ಎಡಗಡೆಯನ್ನು. ಹೀಗೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಪರೀಕ್ಷಿಸಿರುತ್ತದೆ. ಇದನ್ನು ಕಲಿಸುವುದನ್ನೇ ವೃತ್ತಿಯಾಗಿ ಉಳ್ಳ ಶಿಕ್ಷಕರು ನಮ್ಮ ದೇಶದಲ್ಲಿಯೂ ಇದ್ದಾರೆ.

ಕಾಲೇಜು ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಪರೀಕ್ಷೆಯ ಲಿಪಿಕಾರನದು. ಪ್ರಶ್ನೆಯನ್ನು ಓದಿ ಹೇಳುವುದು, ದೃಷ್ಟಿಹೀನ ಅಭ್ಯರ್ಥಿ ನುಡಿದುದನ್ನು ಬರೆಯುವುದು, ಇಷ್ಟೇ ತಾನೆ ಎನ್ನಬಹುದು. ‘ಎ ಪ್ಲಸ್ ಬಿ ಬೈ ಸಿ’ ಎಂದು ಗಟ್ಟಿಯಾಗಿ ಓದಿ ನೋಡಿ. ಎ ಎಂದರೆ ೨, ಬಿ ಎಂದರೆ ೪, ಸಿ ಎಂದರೆ ೨ ಆಗಿರಲಿ. ಬಿಯನ್ನು ಮಾತ್ರ ಸಿಯಿಂದ ಭಾಗಿಸಿದರೆ ಉತ್ತರ ೪. ಎ ಮತ್ತು ಬಿಗಳನ್ನು ಕೂಡಿಸಿ ಭಾಗಿಸಿದರೆ ೩. ಕಾಗದದ ಮೇಲೆ ಅಡ್ಡಗೆರೆಯ ಉದ್ದವನ್ನು ನೋಡಿದೊಡನೆ ತಿಳಿಯುವ ಸಂಗತಿ ಕಿವಿಗೆ ಬೀಳುವುದೇ ಇಲ್ಲ. ಬುದ್ಧಿವಂತನಾದ ಅಭ್ಯರ್ಥಿಯೊಬ್ಬನು ಈ ಒಂದು ವಾಕ್ಯದಿಂದ ಇಡೀ ಲೆಕ್ಕವನ್ನು ಕಳೆದುಕೊಳ್ಳಬಹುದು. ಮೌಲ್ಯಮಾಪನ ಮಾಡುವವರು ಅವನಿಗೆ ಗಣಿತ ಬಾರದೆಂದು ತೀರ್ಮಾನಿಸುತ್ತಾರೆ.

ಇದಕ್ಕೆ ಪರಿಹಾರವನ್ನು ಕಂಡವರು ಸಹಾಯಕರಲ್ಲ, ಸಹಾಯ ಪಡೆಯುತ್ತಿದ್ದವರು. ಅಮೆರಿಕದ ಗಣಿತಜ್ಞ ಏಬ್ರಹಾಂ ನೆಮೆತ್ (೧೯೧೮-೨೦೧೩) ಹುಟ್ಟಿನಿಂದಲೇ ದೃಷ್ಟಿಹೀನರು. ಕಣ್ಣಿಲ್ಲದವರಿಗೆ ಗಣಿತ ಹೊಂದುವುದಿಲ್ಲವೆಂಬ ಹಿತವಚನವನ್ನು ಕೇಳಿ ಅವರು ಮೊದಲು ಮನಶ್ಶಾಸ್ತ್ರವನ್ನು ಓದಿದರು. ಮನಸ್ಸು ಅಲ್ಲಿ ನಿಲ್ಲಲಿಲ್ಲ. ಬಳಿಕ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಡೆಟ್ರಾಯಿಟ್ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಪಾಠ ಹೇಳಿದರು. ಗಣಿತದ ಚಿಹ್ನೆಗಳಿಗೆ ಅವರು ರಚಿಸಿದ ಬ್ರೈಲ್ ಸಂಕೇತ ೧೯೫೨ರಲ್ಲಿ ಅಂಗೀಕಾರ ಪಡೆಯಿತು. ತಮಗೆ ಪುಸ್ತಕ ಓದಿ ಹೇಳಲು ಬರುತ್ತಿದ್ದವರಿಗೆ ಅವರು ತಾವೇ ಒಂದು ಕ್ರಮವನ್ನು ಕಲಿಸಿದರು: ಭಿನ್ನರಾಶಿ ಆರಂಭವಾದಾಗ ಒಂದು ಮಾತು, ಅಡ್ಡಗೆರೆ ಬಂದಾಗ ಒಂದು ಮಾತು, ಮುಗಿದಾಗ ಮತ್ತೊಂದು ಮಾತು. ವರ್ಗಮೂಲಕ್ಕೂ ಹಾಗೆಯೇ. ಕೇಳುವವರಿಗೆ ಸಂದೇಹಕ್ಕೆ ಎಡೆಯೇ ಉಳಿಯದು. ಈ ಕ್ರಮವು ‘ಮ್ಯಾಥ್‌ಸ್ಪೀಕ್’ ಎಂಬ ಹೆಸರಿನಿಂದ ಬೆಳೆದು, ಇಂದು ಗಣಕಯಂತ್ರಗಳು ಸಮೀಕರಣಗಳನ್ನು ಓದಿ ಹೇಳುವ ಬಗೆಗೂ ಆಧಾರವಾಗಿದೆ.

ಲಿಪಿಕಾರನ ಕೆಲಸದಲ್ಲಿ ಅತ್ಯಂತ ಕಷ್ಟವಾದುದು ಬೇರೆ. ಅಭ್ಯರ್ಥಿ ತಪ್ಪು ಹೇಳುತ್ತಾನೆ, ಅದು ತಪ್ಪೆಂದು ಲಿಪಿಕಾರನಿಗೆ ಗೊತ್ತು. ಆಗ ಅವನು ಆ ತಪ್ಪನ್ನು ತಪ್ಪಾಗಿಯೇ ಬರೆಯಬೇಕು. ತಿದ್ದಿದರೆ ಪರೀಕ್ಷೆ ಬರೆದವನು ಯಾರು? ಒಳ್ಳೆಯ ವೋಲ್ಟ್‌ಮಾಪಕವು ಮಂಡಲದಿಂದ ಅತ್ಯಲ್ಪ ವಿದ್ಯುತ್ತನ್ನು ಸೆಳೆಯುತ್ತದೆ. ಹೆಚ್ಚು ಸೆಳೆಯುವುದಾದರೆ ಅದು ಅಳೆಯಲು ಹೊರಟ ವೋಲ್ಟೇಜನ್ನೇ ಬದಲಿಸಿಬಿಡುತ್ತದೆ. ಸಹಾಯಕನೂ ಹಾಗೆ. ತನ್ನ ಅಭಿರುಚಿ, ಅವಸರ, ಜಾಣತನ ಇವುಗಳನ್ನು ಎಷ್ಟು ಕಡಮೆ ಬೆರೆಸುತ್ತಾನೋ ಅಷ್ಟು ಅವನು ಕಲಿತವನು. ಅಂಗಡಿಗೆ ಹೋದಾಗ ವ್ಯಾಪಾರಿ ಗಾಲಿಕುರ್ಚಿಯಲ್ಲಿ ಕುಳಿತವರನ್ನು ಬಿಟ್ಟು, ಹಿಂದೆ ನಿಂತವನನ್ನು ‘ಇವರಿಗೆ ಯಾವ ಬಣ್ಣ ಬೇಕಂತೆ?’ ಎಂದು ಕೇಳುತ್ತಾನೆ. ಆಗ ಸುಮ್ಮನಿರುವುದೂ ಸಹಾಯಕನ ಕೆಲಸದ ಒಂದು ಭಾಗ. ಮಾತು ತಡವಾಗಿ ಬರುವವರ ವಾಕ್ಯವನ್ನು ನಡುವೆಯೇ ಪೂರ್ತಿ ಮಾಡದೆ ಕಾಯುವುದೂ ಹಾಗೆಯೇ.

ಮಾಪಕಕ್ಕೂ ಮನುಷ್ಯನಿಗೂ ಇರುವ ಹೋಲಿಕೆ ಇಲ್ಲಿಗೆ ಮುಗಿಯಿತು. ಮಾಪಕಕ್ಕೆ ಹಸಿವಿಲ್ಲ, ಬಾಡಿಗೆ ಮನೆಯಿಲ್ಲ. ಸಹಾಯಕರಿಗೆ ಇವೆರಡೂ ಇವೆ. ಈ ಕೆಲಸವನ್ನು ‘ಸೇವೆ’, ‘ಪುಣ್ಯ’ ಎಂದು ಹೊಗಳುವುದರಿಂದ ಒಂದು ಅನುಕೂಲವುಂಟು: ಪುಣ್ಯವೆಂದು ಕರೆದ ಕೆಲಸಕ್ಕೆ ತಕ್ಕ ಸಂಬಳವನ್ನು ಕೇಳಲು ಮಾಡುವವರೇ ನಾಚುತ್ತಾರೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ದುಡಿಯುತ್ತಾರೆ. ಇವರಲ್ಲಿ ಬಹುಮಂದಿ ಸ್ವತಃ ಅಂಗವೈಕಲ್ಯವುಳ್ಳವರು. ಗುರುತಿನ ಚೀಟಿ, ಮಾಸಾಶನ, ಸಾಧನ ಸಲಕರಣೆ ಇವುಗಳಿಗಾಗಿ ಊರಿನವರ ಪರವಾಗಿ ಅಲೆಯುವುದು ಇವರ ಕೆಲಸ. ಇವರಿಗೆ ಸಲ್ಲುವ ಹಣಕ್ಕೆ ಸಂಬಳವೆಂದು ಹೆಸರಿಲ್ಲ, ಗೌರವಧನವೆಂದು ಹೆಸರು. ಹೆಸರಿನಲ್ಲಿ ಗೌರವವಿದೆ, ಅಂಗಡಿಯಲ್ಲಿ ಅಕ್ಕಿಯ ಬೆಲೆ ಮಾತ್ರ ಎಲ್ಲರಿಗೂ ಒಂದೇ. ಮನೆಯೊಳಗೆ ಹಗಲಿರುಳು ದುಡಿಯುವ ತಾಯಂದಿರಿಗೂ ಅಕ್ಕತಂಗಿಯರಿಗೂ ಆ ಹೆಸರೂ ಇಲ್ಲ.

ಹಣ ಬಂದರೆ ಪ್ರೀತಿ ಹೋಗುತ್ತದೆ ಎನ್ನುವವರಿದ್ದಾರೆ. ಉಪಾಧ್ಯಾಯನಿಗೆ ಸಂಬಳ ಬರುವುದರಿಂದ ಅವನಿಗೆ ಶಿಷ್ಯರ ಮೇಲಿನ ಅಕ್ಕರೆ ಹೋಯಿತೆಂದು ಇವರು ಹೇಳಿದುದನ್ನು ನಾನು ಕೇಳಿಲ್ಲ. ಹಣ ಕೊಟ್ಟಾಗ ಆಗುವ ಲಾಭ ಇನ್ನೊಂದುಂಟು: ನೆರವನ್ನು ಪಡೆಯುವವರು ಋಣದ ಭಾರವಿಲ್ಲದೆ ‘ಹೀಗೆ ಬೇಡ, ಹಾಗೆ ಮಾಡು’ ಎನ್ನಬಲ್ಲರು. ದಾನವನ್ನು ತಿದ್ದುವುದು ಕಷ್ಟ.

ಯಂತ್ರಗಳು ಈ ಕೆಲಸವನ್ನು ಇಲ್ಲವಾಗಿಸುವುವೆಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಅಚ್ಚಿನ ಪುಟವನ್ನು ಓದಿ ಹೇಳುವ ದೂರವಾಣಿ ಬಂದಿದೆ, ಸಂತೋಷ. ಸ್ನಾನ ಮಾಡಿಸುವ ಕೈ ಇನ್ನೂ ಮನುಷ್ಯನದೇ.

ಕಾನೂನಿನ ಬಾಗಿಲು ತೆರೆದೇ ಇದೆ. ೨೦೧೬ರ ಕಾಯಿದೆಯ ೩೮ನೆಯ ವಿಧಿಯು ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಸಲ್ಲಿಸಬಹುದೆಂದು ಹೇಳುತ್ತದೆ. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಮೇರೆಗೆ ಶ್ರವಣತಜ್ಞರು, ವಿಶೇಷ ಶಿಕ್ಷಕರು, ಕೃತಕ ಅಂಗಗಳ ತಜ್ಞರು ಮೊದಲಾದವರಿಗೆ ನೋಂದಣಿಯೂ ಅಂಗೀಕೃತ ಶಿಕ್ಷಣವೂ ಇವೆ. ಆದರೆ ಮನೆಯಲ್ಲಿ ಎತ್ತಿ ಇಳಿಸುವ, ಉಣಿಸುವ, ಜೊತೆಗೆ ಓಡಾಡುವ ಸಹಾಯಕರಲ್ಲಿ ಬಹುಮಂದಿ ಯಾವ ತರಬೇತಿಯನ್ನೂ ಕಾಣದವರು. ತಾಲ್ಲೂಕಿಗೊಂದು ಸಣ್ಣ ತರಬೇತಿಯ ಕೇಂದ್ರ, ಅಲ್ಲಿ ಪಾಠ ಹೇಳುವವರಲ್ಲಿ ನೆರವನ್ನು ಪಡೆಯುವವರೂ ಇರುವುದು, ಕಲಿತು ಬಂದವರಿಗೆ ನಿಗದಿಯಾದ ವೇತನ, ಇಷ್ಟನ್ನು ಕೇಳುವುದು ಅತಿಯಾಗಲಾರದು.

ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಓದುತ್ತಿರುವವರು ವೈದ್ಯಕೀಯ, ಇಂಜಿನಿಯರಿಂಗ್ ಎಂಬ ಎರಡೇ ದಾರಿಗಳನ್ನು ಎಣಿಸುತ್ತಿರುವಾಗ, ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಹೆಸರನ್ನೂ ಒಮ್ಮೆ ನೆನೆಯಬಹುದು. ಧ್ವನಿಯ ಆವೃತ್ತಿ, ಡೆಸಿಬೆಲ್ ಎಂದು ನಾವು ತರಗತಿಯಲ್ಲಿ ಒಣ ಪದಗಳಾಗಿ ಹೇಳುವುದೆಲ್ಲ ಅಲ್ಲಿ ಒಂದು ಮಗುವಿನ ಕಿವಿಯ ವಿಷಯವಾಗುತ್ತದೆ. ಅಷ್ಟು ದೂರ ಹೋಗಲಾರದವರಿಗೆ ಬರುವ ಪರೀಕ್ಷೆಯಲ್ಲಿಯೇ ಒಬ್ಬ ಲಿಪಿಕಾರನ ಅಗತ್ಯ ಬೀಳಬಹುದು. ಒಪ್ಪಿಕೊಂಡರೆ ಪರೀಕ್ಷೆಯ ಹಿಂದಿನ ದಿನ ಅಭ್ಯರ್ಥಿಯನ್ನು ಕಂಡು, ಭಿನ್ನರಾಶಿಯ ಅಡ್ಡಗೆರೆಯನ್ನು ಹೇಗೆ ಓದಬೇಕು, ಚಿತ್ರವನ್ನು ಯಾವ ಮೂಲೆಯಿಂದ ವಿವರಿಸಬೇಕು, ಬರೆದುದನ್ನು ಎಷ್ಟು ಸಾಲಿಗೊಮ್ಮೆ ತಿರುಗಿ ಓದಿ ಹೇಳಬೇಕು ಎಂಬುದನ್ನು ಅವರಿಂದಲೇ ಕೇಳಿ, ಒಂದು ಗಂಟೆ ಅಭ್ಯಾಸ ಮಾಡಿಕೊಳ್ಳಿ.